ಫತೋರ್ಡಾದಲ್ಲೇ ಸೋತಿದ್ದೆವೇ? ಬಗಾನ್ ಎದುರಿನ 1-2 ಸೋಲಿನ ಕುರಿತು

ಕಂಠೀರವದ ಕಾಯಂ ಗಿರಾಕಿ (2025ರ ಏಪ್ರಿಲ್ 13, ಭಾನುವಾರ, ಬೆಳಿಗ್ಗೆ 8.05)

ನಿನ್ನೆ ರಾತ್ರಿ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಮೋಹನ್ ಬಗಾನ್ ಎದುರು ಕಳೆದುಕೊಂಡ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಫೈನಲ್ ಕುರಿತು ಬೆಳಗಿನಿಂದ ನನಗೆ ಬಂದಿರುವ ಸಂದೇಶಗಳಲ್ಲಿ ಮುಕ್ಕಾಲು ಪಾಲು ಆ ಒಂದು ಪೆನಾಲ್ಟಿಯನ್ನೇ ಹಿಡಿದು ಜಗ್ಗುತ್ತಿವೆ. ನಡೆದದ್ದು ಎಲ್ಲರಿಗೂ ಗೊತ್ತಿದೆ. 49ನೇ ನಿಮಿಷದಲ್ಲಿ ನಮ್ಮ ರಯಾನ್ ವಿಲಿಯಮ್ಸ್ ಬದಿಯಿಂದ ಒದ್ದ ಕ್ರಾಸನ್ನು ತಡೆಯಲು ಹೋದ ಬಗಾನ್‌ನ ಅಲ್ಬರ್ಟೊ ರಾಡ್ರಿಗಸ್ ಚೆಂಡನ್ನು ತಮ್ಮದೇ ಬಲೆಗೆ ಸೇರಿಸಿದರು. 72ರಲ್ಲಿ ನಮ್ಮ ಚಿಂಗ್ಲೆನ್‌ಸನಾ ಅವರ ಕೈಗೆ ಚೆಂಡು ತಗುಲಿ, ಬಗಾನ್‌ನ ಜೇಸನ್ ಕಮ್ಮಿಂಗ್ಸ್ ಪೆನಾಲ್ಟಿಯಿಂದ ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ, 96ನೇ ನಿಮಿಷಕ್ಕೆ, ಜೇಮೀ ಮೆಕ್ಲಾರೆನ್ ಕಥೆ ಮುಗಿಸಿದರು.

ನನ್ನ ತಕರಾರು 49 ಮತ್ತು 72ರ ನಡುವಿನ 23 ನಿಮಿಷಗಳ ಬಗ್ಗೆ. ಗೋಲು ಬಂದ ಕೂಡಲೇ ನಮ್ಮ ತಂಡ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತ ನಮ್ಮದೇ ಪೆನಾಲ್ಟಿ ಪೆಟ್ಟಿಗೆಯ ಅಂಚಿಗೆ ಬಂದು ಕುಳಿತಿತು. ಇದು ನಿನ್ನೆ ಹುಟ್ಟಿದ ಚಾಳಿಯಲ್ಲ. ಏಪ್ರಿಲ್ 6ರಂದು ಗೋವಾದ ಫತೋರ್ಡಾ ಕ್ರೀಡಾಂಗಣದಲ್ಲಿ, ಎಫ್‌ಸಿ ಗೋವಾ ವಿರುದ್ಧ ಎರಡು ಪಂದ್ಯಗಳ ಗೋಲು ಕೂಡಿಸುವ ಸೆಮಿಫೈನಲ್‌ನ ಎರಡನೇ ಪಂದ್ಯಕ್ಕೆ (ಲೆಗ್) ನಾವು 2-0 ಮುನ್ನಡೆಯನ್ನು ಗಂಟು ಕಟ್ಟಿಕೊಂಡು ಹೋಗಿದ್ದೆವು. ಕಾಪಾಡಿಕೊಂಡರೆ ಸಾಕೆಂದು ಹಿಂದೆ ನಿಂತೆವು, 88ನೇ ನಿಮಿಷಕ್ಕೆ ಗಂಟು ಪೂರ್ತಿ ಬಿಚ್ಚಿಹೋಗಿತ್ತು. 92ರಲ್ಲಿ ನಮ್ಮ ಸುನಿಲ್ ಛೆಟ್ರಿಯವರ ತಲೆಗೆ ಚೆಂಡು ಸಿಗದೇ ಹೋಗಿದ್ದರೆ ನಾವು ಕೋಲ್ಕತ್ತಕ್ಕೆ ಹೋಗುತ್ತಲೇ ಇರಲಿಲ್ಲವೋ ಏನೋ. ಆ ಹೆಡರ್ ನಮ್ಮನ್ನು ಫೈನಲ್‌ಗೆ ಕರೆದೊಯ್ದಿತು, ಜೊತೆಗೆ ನಮ್ಮ ಕಾಯಿಲೆಯನ್ನೂ ಮುಚ್ಚಿಹಾಕಿತು. ನಾವೆಲ್ಲ ಆ ರಾತ್ರಿ ಕುಣಿದೆವೇ ಹೊರತು ಅದಕ್ಕೆ ಮುಂಚಿನ ನಲವತ್ತು ನಿಮಿಷಗಳ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ನಿಮ್ಮೆಲ್ಲರ ಅಭಿಪ್ರಾಯವೇನು?

ರಾಜಾಜಿನಗರದ ನೀಲಿ

ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ. ಹಿಂದೆ ಸರಿದದ್ದು ನಿಜವಿರಬಹುದು, ಆದರೆ ಹಿಂದೆ ಸರಿದು ಆಡಿ ಗೆದ್ದ ತಂಡಗಳು ಲೋಕದಲ್ಲಿ ಬೇಕಾದಷ್ಟಿವೆ. ನಮ್ಮ ಡಿಫೆನ್ಸ್ ಆ 23 ನಿಮಿಷಗಳಲ್ಲಿ ಒಡೆದಿರಲಿಲ್ಲ. ಒಡೆದದ್ದು ರೆಫರಿಯ ಸೀಟಿಯಿಂದ. ಅಷ್ಟು ಹತ್ತಿರದಿಂದ ಬಂದ ಚೆಂಡಿಗೆ ಮನುಷ್ಯ ತನ್ನ ಕೈಯನ್ನು ಕಳಚಿ ಜೇಬಿನಲ್ಲಿ ಇಟ್ಟುಕೊಳ್ಳಬೇಕೆ? ವಿಎಆರ್ (ವಿಡಿಯೊ ನೋಡಿ ರೆಫರಿಯ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಇಲ್ಲದ ಲೀಗ್‌ನಲ್ಲಿ ಫೈನಲ್ ಆಡಿಸುವುದೇ ದೊಡ್ಡ ತಪ್ಪು.

ಸೀಟಿ ಸದ್ದು

ಭಾನುವಾರಗಳಂದು ಸಣ್ಣ ಪಂದ್ಯಗಳಲ್ಲಿ ರೆಫರಿಯಾಗಿ ಓಡುವವನು ನಾನು, ಆದ್ದರಿಂದ ಈ ವಿಷಯದಲ್ಲಿ ಎರಡು ಮಾತು ಹೇಳುವ ಹಕ್ಕಿದೆ ಎಂದುಕೊಂಡಿದ್ದೇನೆ. ಉದ್ದೇಶಪೂರ್ವಕವಾಗಿ ಮುಟ್ಟಿದರೆ ಮಾತ್ರ ಹ್ಯಾಂಡ್‌ಬಾಲ್ ಎಂಬ ತಿಳಿವಳಿಕೆ ನಮ್ಮ ಗ್ಯಾಲರಿಗಳಲ್ಲಿ ಇನ್ನೂ ಉಳಿದುಕೊಂಡಿದೆ. ನಿಯಮ ಅಷ್ಟಕ್ಕೇ ನಿಲ್ಲುವುದಿಲ್ಲ. ಆಟಗಾರನ ಕೈ ಅಥವಾ ತೋಳು, ಆ ಕ್ಷಣದ ಚಲನೆಗೆ ಸಹಜವಲ್ಲದ ರೀತಿಯಲ್ಲಿ ಚಾಚಿಕೊಂಡು, ದೇಹದ ಅಳತೆಯನ್ನು ಹಿಗ್ಗಿಸಿದ್ದರೆ, ಅವನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಕೇಳದೆ ರೆಫರಿ ಸೀಟಿ ಊದಬಹುದು. ಹತ್ತಿರದಿಂದ ಬಂದ ಚೆಂಡು ಎಂಬುದನ್ನು ರೆಫರಿ ಗಮನಕ್ಕೆ ತೆಗೆದುಕೊಳ್ಳುತ್ತಾರೆ, ಆದರೆ ಅದೊಂದೇ ಆಟಗಾರನನ್ನು ಕಾಪಾಡುವುದಿಲ್ಲ. ನಾನು ಅಲ್ಲಿದ್ದಿದ್ದರೂ ಬಹುಶಃ ಅದನ್ನೇ ಕೊಡುತ್ತಿದ್ದೆ.

ಇನ್ನೊಂದು ಮಾತು. ಪೆಟ್ಟಿಗೆಯೊಳಗೆ ಹತ್ತು ಜನ ಗುಂಪುಗೂಡಿ ನಿಂತರೆ ಹದಿನೆಂಟು, ಇಪ್ಪತ್ತು ತೋಳುಗಳೂ ಅಲ್ಲೇ ಇರುತ್ತವೆ. ಒಂದಕ್ಕೆ ಚೆಂಡು ತಗುಲುವುದು ಅಪಘಾತವಾದರೂ, ಅಪಘಾತವಾಗುವ ರಸ್ತೆಯನ್ನು ನಾವೇ ಆರಿಸಿಕೊಂಡಂತಾಯಿತು.

ಎಡಗಾಲು

ಸೀಟಿ ಸದ್ದು ಅವರೇ, ರೆಫರಿಗಳು ರೆಫರಿಗಳನ್ನು ಬಿಟ್ಟುಕೊಡುವುದಿಲ್ಲ ಎಂಬುದು ಮತ್ತೊಮ್ಮೆ ಸಾಬೀತಾಯಿತು.

ಹಳೇ ಐ-ಲೀಗ್

ಇಲ್ಲಿರುವ ಅನೇಕರು ಬಗಾನ್ ಜೊತೆಗಿನ ನಮ್ಮ ಜಗಳ 2023ರ ಫೈನಲ್‌ನಿಂದ ಆರಂಭವಾಯಿತು ಎಂದುಕೊಂಡಿರಬಹುದು. ನನ್ನ ಮಟ್ಟಿಗೆ ಅದು ಶುರುವಾದದ್ದು 2015ರ ಮೇ 31ರಂದು, ನಮ್ಮ ಕಂಠೀರವದಲ್ಲೇ. ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್‌ನ ಆ ಋತುವಿನ ಕೊನೆಯ ಪಂದ್ಯ. ಪ್ರಶಸ್ತಿಗೆ ಅವರಿಗೆ ಡ್ರಾ ಸಾಕಿತ್ತು, ನಮಗೆ ಗೆಲುವೇ ಬೇಕಿತ್ತು. ವಿರಾಮಕ್ಕೆ ಸ್ವಲ್ಪ ಮೊದಲು ಜಾನ್ ಜಾನ್ಸನ್ ಗೋಲು ಹೊಡೆದಾಗ ನನ್ನ ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ಹಿರಿಯರೊಬ್ಬರು ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣವನ್ನೇ ನನ್ನ ಮಡಿಲಿಗೆ ಸುರಿದುಬಿಟ್ಟರು. ಎರಡನೇ ಅವಧಿಯುದ್ದಕ್ಕೂ ನಾನು ಆ ಕಡಲೆಕಾಯಿಯನ್ನು ಒಂದೊಂದಾಗಿ ಸುಲಿಯುತ್ತ ಗಡಿಯಾರ ನೋಡುತ್ತಿದ್ದೆ. 87ನೇ ನಿಮಿಷ. ಕಾರ್ನರ್. ಬೆಲ್ಲೋ ರಜಾಕ್ ಎದ್ದು ತಲೆ ಕೊಟ್ಟರು. 1-1. ಅವರಿಗೆ 39 ಅಂಕ, ನಮಗೆ 37.

ಅಂದು ನಮಗೆ ಮೂರು ನಿಮಿಷ ಉಳಿದಿದ್ದವು. ಸಿಪ್ಪೆಗಳು ಕಾಲಡಿಯಲ್ಲಿ ಹಾಗೇ ಬಿದ್ದಿದ್ದವು. ಆ ಹಿರಿಯರು ಏನೂ ಮಾತನಾಡದೆ ಎದ್ದು ಹೋದರು. ನಿನ್ನೆ ಕಮ್ಮಿಂಗ್ಸ್ ಪೆನಾಲ್ಟಿಗೆ ಚೆಂಡು ಇಡುವಾಗ ನನಗೆ ನೆನಪಾದದ್ದು ಅವರೇ.

ಲೆಕ್ಕದ ಮೇಷ್ಟ್ರು

ಹಳಬರು ನೆನಪಿನಿಂದ ಹೇಳಿದ್ದನ್ನು ನಾನು ಲೆಕ್ಕವಾಗಿ ಜೋಡಿಸುತ್ತೇನೆ. 2015ರಲ್ಲಿ ನಾವು 1-0 ಮುಂದಿದ್ದೆವು, ಉಳಿಸಿಕೊಳ್ಳಲಿಲ್ಲ. 2023ರ ಮಾರ್ಚ್ 18ರ ಫೈನಲ್‌ನಲ್ಲಿ ರಾಯ್ ಕೃಷ್ಣ 78ನೇ ನಿಮಿಷದಲ್ಲಿ 2-1 ಮಾಡಿದರು, ಏಳೇ ನಿಮಿಷಗಳಲ್ಲಿ ಪೆಟ್ರಾಟೋಸ್ ಪೆನಾಲ್ಟಿಯಿಂದ ಅದನ್ನು ಅಳಿಸಿದರು, ಆಮೇಲೆ ಶೂಟೌಟ್‌ನಲ್ಲಿ 3-4. ಕಳೆದ ವರ್ಷದ ಡುರಾಂಡ್ ಕಪ್ ಸೆಮಿಫೈನಲ್‌ನಲ್ಲಿ 2-0 ಮುಂದಿದ್ದೆವು, 2-2 ಆಗಿ ಮತ್ತೆ ಶೂಟೌಟ್, ಮತ್ತೆ 3-4. ನಿನ್ನೆ 1-0 ಮುಂದಿದ್ದು 1-2. ಎದುರಾಳಿ ನಾಲ್ಕೂ ಸಲ ಅದೇ. ನಾಲ್ಕೂ ಸಲ ನಾವೇ ಮುಂದಿದ್ದೆವು. ಈ ಹತ್ತು ವರ್ಷಗಳಲ್ಲಿ ಕೋಚ್‌ಗಳು, ಆಟಗಾರರು, ರೆಫರಿಗಳು ಬದಲಾಗಿದ್ದಾರೆ. ಆದ್ದರಿಂದ ರಾಜಾಜಿನಗರದವರ ವಾದಕ್ಕೆ ನನ್ನ ಕೈಯಿಂದ ಅಂಕ ಸಿಗುವುದಿಲ್ಲ.

ಹೌರಾದಿಂದ ಹೆಬ್ಬಾಳಕ್ಕೆ

ನಮಸ್ಕಾರ. ನಾನು ಎದುರು ಪಾಳಯದವನು, ಹದಿನಾಲ್ಕು ವರ್ಷಗಳಿಂದ ಬೆಂಗಳೂರಿನ ಅನ್ನ ತಿನ್ನುತ್ತಿದ್ದೇನೆ, ಕನ್ನಡವನ್ನು ಪಕ್ಕದ ಮನೆಯ ಅಜ್ಜಿಯಿಂದ ಕಲಿತೆ. ಮೇಷ್ಟ್ರು ತಮ್ಮ ಲೆಕ್ಕದಲ್ಲಿ ಎರಡು ಸಾಲುಗಳನ್ನು ಜಾಣತನದಿಂದ ಬಿಟ್ಟಿದ್ದಾರೆ. 2017ರ ಫೆಡರೇಷನ್ ಕಪ್ ಫೈನಲ್‌ನಲ್ಲಿ ಕಟಕ್‌ನಲ್ಲಿ ನಮ್ಮನ್ನು ಹೆಚ್ಚುವರಿ ಸಮಯದಲ್ಲಿ 2-0 ಸೋಲಿಸಿದವರು ನೀವೇ, ಎರಡೂ ಗೋಲು ಸಿ.ಕೆ. ವಿನೀತ್ ಅವರದು. ಕಳೆದ ಸೆಪ್ಟೆಂಬರ್ 28ರಂದು ಕಂಠೀರವದಲ್ಲಿ 3-0. ಆ ರಾತ್ರಿ ನಾನು ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದವರೆಗೆ ನನ್ನ ಮೆರೂನ್ ಶಾಲನ್ನು ಅಂಗಿಯೊಳಗೆ ತುರುಕಿಕೊಂಡು ನಡೆದಿದ್ದೆ.

ನನಗೆ ಹೇಳಬೇಕೆನಿಸುವುದು ಇಷ್ಟು. ನಿನ್ನೆ ಮೊದಲ ಗಂಟೆಯಲ್ಲಿ ನಮಗೆ ಭಯವಿದ್ದದ್ದು ನಿಮ್ಮ ಬಲಬದಿಯ ಬಗ್ಗೆ. ನಿಮ್ಮ ಗೋಲು ಬಂದದ್ದೂ ಒಂದು ಕ್ರಾಸ್‌ನಿಂದಲೇ. ಗೋಲಾದ ಮೇಲೆ ನೀವು ಆ ಕಡೆಯಿಂದ ಬರುವುದನ್ನು ಕಡಿಮೆ ಮಾಡಿದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಉಸಿರು ಬಂತು. ಒಂದು ಗೋಲು ಹಿಂದಿದ್ದೂ ನೆಮ್ಮದಿಯಿಂದ ಟೀ ಕುಡಿದ ಫೈನಲ್ ಇದೊಂದೇ.

ಲೆಕ್ಕದ ಮೇಷ್ಟ್ರು

ಬಿಟ್ಟದ್ದು ಜಾಣತನದಿಂದಲ್ಲ, ಸ್ವಾಮಿ. ಮುನ್ನಡೆ ಕಳೆದುಕೊಂಡ ಪಂದ್ಯಗಳನ್ನು ಮಾತ್ರ ಪಟ್ಟಿ ಮಾಡಿದ್ದೆ. ಆದರೂ ಗೆದ್ದ ಪಂದ್ಯಗಳನ್ನು ಪಕ್ಕದಲ್ಲಿಡದೆ ಸೋತವುಗಳನ್ನಷ್ಟೇ ಎಣಿಸುವುದು ಸರಿಯಾದ ಕ್ರಮವಲ್ಲ ಎಂಬುದನ್ನು ಒಪ್ಪುತ್ತೇನೆ.

ಒಗೆಯದ ಜರ್ಸಿ

ನೀವೆಲ್ಲ ಎಷ್ಟು ಕಾರಣ ಕೊಟ್ಟರೂ ನಿಜವಾದ ಕಾರಣ ನನಗೆ ಗೊತ್ತು. ಮಾರ್ಚ್ 29ರಂದು ಮುಂಬೈಯನ್ನು 5-0 ಹೊಡೆದ ದಿನ ತೊಟ್ಟಿದ್ದ ಜರ್ಸಿಯನ್ನು ನಾನು ಒಗೆಯಲು ಬಿಟ್ಟಿರಲಿಲ್ಲ. ಗೋವಾ ವಿರುದ್ಧದ ಎರಡೂ ಪಂದ್ಯಗಳಿಗೆ ಅದನ್ನೇ ಹಾಕಿಕೊಂಡಿದ್ದೆ. ಗುರುವಾರ ನಾನು ಕೆಲಸಕ್ಕೆ ಹೋಗಿದ್ದಾಗ, ಬಾಗಿಲ ಹಿಂದಿನ ಮೊಳೆಯಿಂದ ಅದನ್ನು ತೆಗೆದು, ಎರಡು ಸಲ ಸೋಪಿನ ನೀರಿನಲ್ಲಿ ನೆನೆಸಿ, ಒಗೆಯುವ ಕಲ್ಲಿನ ಮೇಲೆ ತಿಕ್ಕಿ, ಅಮ್ಮ ತಾರಸಿಯಲ್ಲಿ ಒಣಹಾಕಿದ್ದರು. ನಾನು ಬಂದಾಗ ಅದು ಕ್ಲಿಪ್ಪಿನಲ್ಲಿ ನೇತಾಡುತ್ತಿತ್ತು, ಎದೆಯ ಮೇಲಿನ ಲಾಂಛನದ ಅಂಚು ಸ್ವಲ್ಪ ಸುಲಿದಿತ್ತು. "ಬೆವರು ನಾತಕ್ಕೆ ಪಕ್ಕದ ಮನೆಯವರು ಕೇಳಿದರು ಕಣೋ" ಎಂದರು. ಅಮ್ಮನ ವಿರುದ್ಧ ಯಾವ ಸಮಿತಿಗೆ ದೂರು ಕೊಡಬೇಕು?

ಹಲಸೂರಿನವಳು

ದೂರು ಕೊಡುವ ಮೊದಲು ಮುಂದಿನ ಋತುವಿಗೆ ಎರಡು ಜರ್ಸಿ ಕೊಂಡುಕೊಳ್ಳಿ.

ಎಡಗಾಲು

ದಣಿವಿನ ವಿಷಯವನ್ನು ಯಾರೂ ಎತ್ತುತ್ತಿಲ್ಲವಲ್ಲ? ಬಗಾನ್ ಲೀಗ್ ಹಂತದಲ್ಲಿ ಮೊದಲ ಸ್ಥಾನಕ್ಕೆ ಸಿಗುವ ಶೀಲ್ಡ್ ಗೆದ್ದು ನೇರವಾಗಿ ಸೆಮಿಫೈನಲ್‌ಗೆ ಬಂತು. ನಾವು ಮೂರನೇ ಸ್ಥಾನದಲ್ಲಿ ಮುಗಿಸಿ ಒಂದು ನಾಕೌಟ್ ಪಂದ್ಯ ಹೆಚ್ಚಾಗಿ ಆಡಿದೆವು. ಗೋವಾದಲ್ಲಿ ಕೊನೆಯ ನಿಮಿಷದವರೆಗೆ ಓಡಿ, ಅಲ್ಲಿಂದ ಕೋಲ್ಕತ್ತಕ್ಕೆ ಹೋಗಿ, ಹೆಚ್ಚುವರಿ ಸಮಯ ಆಡಬೇಕಾಯಿತು. ಅವರು ಈ ನಡುವೆ ಮನೆಯಲ್ಲಿ ಕಾಲು ಚಾಚಿ ಕುಳಿತಿದ್ದರು.

ಲೆಕ್ಕದ ಮೇಷ್ಟ್ರು

ಕಾಲು ಚಾಚಿ ಕುಳಿತಿರಲಿಲ್ಲ. ನಮ್ಮ ಸೆಮಿಫೈನಲ್ ಮುಗಿದದ್ದು ಏಪ್ರಿಲ್ 6ಕ್ಕೆ, ಅವರದು ಮುಗಿದದ್ದು 7ಕ್ಕೆ. ಜಮ್‌ಶೆಡ್‌ಪುರ ಎದುರು ಅವರು ಮೊದಲ ಲೆಗ್ ಸೋತಿದ್ದರು. ಎರಡನೆಯದರಲ್ಲಿ ಅಪುಯಾ ಅವರ ಗೋಲು ಬಂದದ್ದು ನಿಗದಿತ ಸಮಯ ಮುಗಿದ ಮೇಲೆ. ವಿಶ್ರಾಂತಿಯ ಲೆಕ್ಕದಲ್ಲಿ ನಮಗೇ ಒಂದು ದಿನ ಹೆಚ್ಚು ಸಿಕ್ಕಿದೆ. ಪ್ರಯಾಣದ ಮಾತನ್ನು ಒಪ್ಪುತ್ತೇನೆ. ಆದರೆ ಲೀಗ್‌ನಲ್ಲಿ ಮೇಲಿರುವವರ ಊರಿನಲ್ಲಿ ಫೈನಲ್ ಎಂಬ ನಿಯಮದ ಅಡಿಯಲ್ಲಿ ಅದು ಅವರು 56 ಅಂಕ ದುಡಿದು ಗಳಿಸಿದ ಹಕ್ಕು. ನಮ್ಮದು 38. ಹದಿನೆಂಟು ಅಂಕಗಳ ಅಂತರವಿದ್ದ ತಂಡವನ್ನು ನಾವು 120 ನಿಮಿಷಗಳ ತನಕ ಎಳೆದಿದ್ದೇವೆ ಎಂಬುದನ್ನೂ ಯಾರಾದರೂ ಹೇಳಬೇಕಿತ್ತು.

ಹಲಸೂರಿನವಳು

ಮೇಷ್ಟ್ರು ಹೇಳಿದ ಆ ಹದಿನೆಂಟು ಅಂಕಗಳಲ್ಲೇ ಈ ಚರ್ಚೆಯ ತಿರುಳಿದೆ ಎಂದು ನನಗನಿಸುತ್ತದೆ. ಹಿಂದೆ ಸರಿದದ್ದನ್ನು ಎಲ್ಲರೂ ಹೇಡಿತನ ಎಂಬಂತೆ ಮಾತನಾಡುತ್ತಿದ್ದೇವೆ. ಯಾವ ಕೋಚ್ ಕೂಡ ಆಟಗಾರರಿಗೆ ಪೆಟ್ಟಿಗೆಯೊಳಗೆ ಹೋಗಿ ನಿಲ್ಲಿ ಎಂದು ಹೇಳಿಕೊಡುವುದಿಲ್ಲ. ಎದುರಾಳಿ ತಳ್ಳುತ್ತಾನೆ, ಬದಿಯಿಂದ ದಾಳಿ ಮಾಡುವ ನಮ್ಮ ವಿಂಗರ್ ಅದೇ ಬದಿಯ ರಕ್ಷಕನಾದ ಫುಲ್‌ಬ್ಯಾಕ್‌ಗೆ ನೆರವಾಗಲು ಕೆಳಗಿಳಿಯುತ್ತಾನೆ, ಅವನು ಇಳಿದ ಕೂಡಲೇ ಕ್ಲಿಯರ್ ಮಾಡಿದ ಚೆಂಡನ್ನು ಮೇಲೆ ಹಿಡಿದುಕೊಳ್ಳಲು ಒಬ್ಬನೇ ಉಳಿಯುತ್ತಾನೆ, ಆ ಒಬ್ಬನ ಬೆನ್ನಿಗೆ ಇಬ್ಬರು ಅಂಟಿಕೊಂಡಿರುತ್ತಾರೆ. ಚೆಂಡು ಹೋದಷ್ಟೇ ಬೇಗ ವಾಪಸ್ ಬರುತ್ತದೆ. ನಾಲ್ಕು ಸಲ ಹೀಗಾದರೆ ಐದನೇ ಸಲಕ್ಕೆ ಇಡೀ ತಂಡದ ಕಾಲುಗಳು ತಾವಾಗಿಯೇ ಹತ್ತು ಗಜ ಹಿಂದೆ ನಿಲ್ಲುತ್ತವೆ. ಅದನ್ನು ಬಿಡಿಸಿಕೊಳ್ಳಲು ಬೇಕಾದದ್ದು ಧೈರ್ಯಕ್ಕಿಂತ ಹೆಚ್ಚಾಗಿ, ಬೆಂಚಿನಿಂದ ಎದ್ದು ಬಂದು ಚೆಂಡನ್ನು ಕಾಲಲ್ಲಿ ಹಿಡಿದು ನಿಲ್ಲಬಲ್ಲ ತಾಜಾ ಆಟಗಾರ.

ಈಗ ಎದುರಿನವರ ಪಟ್ಟಿ ನೋಡಿ. ನಿನ್ನೆ ಗೋಲು ಹೊಡೆದ ಇಬ್ಬರೂ 2022ರ ವಿಶ್ವಕಪ್‌ನ ಆಸ್ಟ್ರೇಲಿಯಾ ತಂಡದಲ್ಲಿದ್ದವರು. ಪೆಟ್ರಾಟೋಸ್ 2018ರ ತಂಡದಲ್ಲಿದ್ದವರು. ಮೆಕ್ಲಾರೆನ್ ಆಸ್ಟ್ರೇಲಿಯಾದ ಎ-ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಹೊಡೆದವರು. ಅಂಥವರಿಗೆ ಆಡುವ ಹನ್ನೊಂದರಲ್ಲಿ ಜಾಗ ಸಿಗುವುದೇ ಪೈಪೋಟಿ ಎನ್ನುವ ತಂಡದ ಎದುರು, ನಮ್ಮ ಕಡೆ ಈ ಋತುವಿನಲ್ಲಿ 14 ಗೋಲು ಹೊಡೆದು ಭಾರತೀಯರಲ್ಲಿ ಮೊದಲಿಗರಾದವರು 40 ವರ್ಷದ ನಾಯಕ. ಛೆಟ್ರಿಯವರ ಬಗ್ಗೆ ನನಗಿರುವ ಗೌರವ ಬೇರೆ ವಿಷಯ. ಆದರೆ ಆ ಅಂಕಿ ಅವರಿಗೆ ಹೊಗಳಿಕೆಯಾದಷ್ಟೇ ಉಳಿದವರಿಗೆ ಬೈಗುಳವೂ ಹೌದು.

ರಾಜಾಜಿನಗರದ ನೀಲಿ

ಇದನ್ನು ಮಾತ್ರ ಒಪ್ಪುತ್ತೇನೆ. ಪೆನಾಲ್ಟಿಯನ್ನು ಒಪ್ಪಿದ್ದೇನೆ ಎಂದು ಯಾರೂ ತಿಳಿಯಬೇಡಿ.

ಗೌತಮಪುರ ಹತ್ತು

ನಮ್ಮ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇರುವುದು ನಿಮಗೆಲ್ಲ ಗೊತ್ತಿರಬಹುದು. ಅದರ ಆಸುಪಾಸಿನ ಗಲ್ಲಿಗಳಲ್ಲಿ ಚೆಂಡು ಒದ್ದು ಬೆಳೆದವನು ನಾನು. ಐದೈದು ಜನರ ಆಟದಲ್ಲಿ ಒಂದು ಗೋಲು ಮುಂದಾದ ಕೂಡಲೇ ನಾವು ಹುಡುಗರು ಗೋಲಿನ ಮುಂದೆ ಹೋಗಿ ಗೋಡೆಯಂತೆ ನಿಲ್ಲುತ್ತಿದ್ದೆವು. ಬದಿಯಲ್ಲಿ ಕುಳಿತ ದೊಡ್ಡವರು "ಮೇಲೆ ಹತ್ತ್ರೋ, ಮೇಲೆ ಹತ್ತ್ರೋ" ಎಂದು ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದರು. ಹಲಸೂರಿನವಳು ಮೇಡಂ ಹೇಳುವಂತೆ ಕಾಲುಗಳು ತಾವಾಗಿಯೇ ಹಿಂದೆ ಹೋಗುತ್ತವೆ ಎಂಬುದು ನಿಜ. ಆದರೆ ಅದನ್ನು ತಡೆಯುವುದಕ್ಕೆ ವಿಶ್ವಕಪ್ ಆಡಿದವರೇ ಬೇಕಾಗಿಲ್ಲ. ಡಿಫೆನ್ಸ್‌ನಲ್ಲಿ ಒಬ್ಬ ಬಾಯಿಬಡುಕ ಸಾಕು, ಚೆಂಡು ಹೊರಗೆ ಹೋದಾಗಲೆಲ್ಲ ಇಡೀ ಸಾಲನ್ನು ಹತ್ತು ಹೆಜ್ಜೆ ಮುಂದಕ್ಕೆ ಅಟ್ಟುವವನು. ನಮ್ಮ ಗಲ್ಲಿಯಲ್ಲಿ ಆ ಕೆಲಸ ಮಾಡುತ್ತಿದ್ದ ಹುಡುಗನಿಗೆ ಸರಿಯಾಗಿ ಪಾಸ್ ಕೊಡಲೂ ಬರುತ್ತಿರಲಿಲ್ಲ, ಆದರೂ ಅವನನ್ನು ಬಿಟ್ಟು ನಾವು ಯಾವ ಟೂರ್ನಮೆಂಟಿಗೂ ಹೋಗುತ್ತಿರಲಿಲ್ಲ.

ಹಳೇ ಐ-ಲೀಗ್

ಜಾನ್ಸನ್ ಆ ಬಾಯಿಬಡುಕ. ಮೂರು ಜನರ ಡಿಫೆನ್ಸ್ ಇದ್ದಾಗ ಅವರ ಕೂಗು ಪಶ್ಚಿಮದ ಗ್ಯಾಲರಿಗೂ ಕೇಳಿಸಿದಂತಿರುತ್ತಿತ್ತು, ನಡುವೆ ಓಟದ ಟ್ರ್ಯಾಕ್ ಇದ್ದರೂ.

ಎಡಗಾಲು

ಅದೇ ಜಾನ್ಸನ್ ಇದ್ದಾಗಲೇ ತಾನೇ 2018ರ ಫೈನಲ್‌ನಲ್ಲಿ, ನಮ್ಮದೇ ಮೈದಾನದಲ್ಲಿ, ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ಎರಡು ಹೆಡರ್ ಹೊಡೆದದ್ದು? ಅಂದೂ ಛೆಟ್ರಿ 9ನೇ ನಿಮಿಷಕ್ಕೆ ಗೋಲು ಹೊಡೆದು ನಾವು ಮುಂದಿದ್ದೆವು, ಕೊನೆಗೆ 2-3. ಕೂಗಾಟದಿಂದ ಕಾರ್ನರ್ ತಡೆಯಲು ಬರುವುದಿಲ್ಲ.

ಹಳೇ ಐ-ಲೀಗ್

ಆ ಪಂದ್ಯದ ಹೆಸರನ್ನು ಭಾನುವಾರ ಬೆಳಿಗ್ಗೆ ಎತ್ತಬಾರದಿತ್ತು. ಮರುವರ್ಷ ಗೋವಾ ಎದುರಿನ ಫೈನಲ್‌ನಲ್ಲಿ 117ನೇ ನಿಮಿಷಕ್ಕೆ ನಮ್ಮ ರಾಹುಲ್ ಭೇಕೆ ಹೊಡೆದ ಹೆಡರ್ ಕೂಡ ಕಾರ್ನರ್‌ನಿಂದಲೇ ಬಂತು ಎಂಬುದನ್ನು ಜೊತೆಯಲ್ಲಿ ಸೇರಿಸಿಕೊಳ್ಳಿ.

ಕಂಠೀರವದ ಕಾಯಂ ಗಿರಾಕಿ

ಮಧ್ಯಾಹ್ನದ ಊಟ ಮುಗಿಸಿ ಎಲ್ಲರ ಮಾತುಗಳನ್ನೂ ಓದಿದೆ. ಹಲಸೂರಿನವಳು ಅವರ ವಾದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಬೆಂಚಿನ ಬಲದಲ್ಲಿ ನಾವು ಹಿಂದಿದ್ದೆವು ಎಂಬುದು ಸತ್ಯ, 96ನೇ ನಿಮಿಷದ ಗೋಲನ್ನು ಆ ಲೆಕ್ಕಕ್ಕೆ ಬರೆಯಲು ನನ್ನ ಅಭ್ಯಂತರವಿಲ್ಲ. ಆದರೆ 72ರದ್ದನ್ನು ಅದಕ್ಕೆ ಬರೆಯಲಾರೆ. ಸೆಪ್ಟೆಂಬರ್‌ನಲ್ಲಿ ಇದೇ ಬಗಾನ್ ಎದುರು 20ನೇ ನಿಮಿಷಕ್ಕೆ 2-0 ಮುಂದಿದ್ದೆವು. ಅಂದು ಹಿಂದೆ ಕೂರಲಿಲ್ಲ, 51ರಲ್ಲಿ ಮೂರನೆಯದನ್ನೂ ಹೊಡೆದೆವು. ಅವರ ಬೆಂಚು ಅಂದೂ ಅಷ್ಟೇ ಗಟ್ಟಿಯಾಗಿತ್ತು. ಅಂದರೆ ಮುಂದಿದ್ದಾಗಲೂ ಮೇಲೆ ಬಂದು ಆಡುವುದು ಈ ಆಟಗಾರರಿಗೆ ಬರುತ್ತದೆ. ಕಪ್ ಎದುರಿಗೆ ಕಂಡಾಗ ಅದನ್ನು ಮರೆಯುತ್ತಾರೆ.

ಫತೋರ್ಡಾದ ವಿಷಯವನ್ನು ನಾನು ಇಷ್ಟು ಹಿಡಿದುಕೊಂಡಿರುವುದಕ್ಕೆ ಕಾರಣವೂ ಅದೇ. ಅಲ್ಲಿ ನಾವು ಸೋತು ಹೊರಬಿದ್ದಿದ್ದರೆ ಆ ಎರಡನೇ ಅವಧಿಯನ್ನು ಬಿಚ್ಚಿ ನೋಡುತ್ತಿದ್ದೆವು, ಅಭಿಮಾನಿಗಳೂ ಕೇಳುತ್ತಿದ್ದರು. ಗೆದ್ದೆವಾದ್ದರಿಂದ ಅದು ಹೋರಾಟದ ಕಥೆಯಾಯಿತು. ನಾನೂ ಆ ರಾತ್ರಿ ಹಾಗೇ ಬರೆದಿದ್ದೆ, ಹಳೆಯ ಸಂದೇಶವನ್ನು ಈಗ ನೋಡಿದರೆ ನಾಚಿಕೆಯಾಗುತ್ತದೆ.

ಸೀಟಿ ಸದ್ದು

ಸೆಪ್ಟೆಂಬರ್ ಪಂದ್ಯ ನಮ್ಮ ಮೈದಾನದಲ್ಲಿ, ಋತುವಿನ ಆರಂಭದಲ್ಲಿ ನಡೆದದ್ದು. ಬಗಾನ್ ಆಗಿನ್ನೂ ಹೊಸ ಕೋಚ್ ಮೊಲಿನಾ ಅವರ ಕೈಯಲ್ಲಿ ಹದಕ್ಕೆ ಬರುತ್ತಿತ್ತು. ಜನವರಿ 27ರಂದು ಸಾಲ್ಟ್ ಲೇಕ್‌ನಲ್ಲಿ ಆಡಿದಾಗ 74ನೇ ನಿಮಿಷದ ಲಿಸ್ಟನ್ ಕೊಲಾಸೊ ಗೋಲಿಗೆ 0-1 ಸೋತಿದ್ದೆವು. ಹೋಲಿಸುವುದಿದ್ದರೆ ಅದರೊಂದಿಗೆ ಹೋಲಿಸಬೇಕು.

ಕಂಠೀರವದ ಕಾಯಂ ಗಿರಾಕಿ

ಆ ಪಂದ್ಯದಲ್ಲಿ ನಾವು ಮುಂದಿರಲೇ ಇಲ್ಲವಲ್ಲ, ಸರ್. ಮುಂದಿದ್ದಾಗ ಏನು ಮಾಡುತ್ತೇವೆ ಎಂಬುದೇ ನನ್ನ ಪ್ರಶ್ನೆ.

ಹೌರಾದಿಂದ ಹೆಬ್ಬಾಳಕ್ಕೆ

ನಿಮ್ಮ ಜಗಳದ ನಡುವೆ ಬರುತ್ತಿರುವುದಕ್ಕೆ ಕ್ಷಮಿಸಿ. ನನ್ನ ಬಳಿ ಪಂದ್ಯದ ಪೂರ್ತಿ ಮರುಪ್ರಸಾರ ಇದೆ, ದೊಡ್ಡ ಪರದೆಯೂ ಇದೆ. ಯಾರಾದರೂ ಬರುವುದಿದ್ದರೆ 49ರಿಂದ 72ರವರೆಗೆ ನಿಲ್ಲಿಸಿ ನಿಲ್ಲಿಸಿ ನೋಡೋಣ. 96ಕ್ಕೆ ಹೋಗುವುದಿಲ್ಲ ಎಂದು ಮಾತು ಕೊಡುತ್ತೇನೆ.

ಲೆಕ್ಕದ ಮೇಷ್ಟ್ರು

ನಾನು ಬರುತ್ತೇನೆ, ಪುಸ್ತಕ ಮತ್ತು ಪೆನ್ಸಿಲ್ ತರುತ್ತೇನೆ. ಪ್ರತಿ ಕ್ಲಿಯರೆನ್ಸ್ ಯಾರ ಕಾಲಿಗೆ ಹೋಗಿ ಬಿತ್ತು ಎಂಬುದನ್ನು ಬರೆದುಕೊಳ್ಳಬೇಕು.

ರಾಜಾಜಿನಗರದ ನೀಲಿ

72ನೇ ನಿಮಿಷದಲ್ಲಿ ಐದು ಸಲ ನಿಲ್ಲಿಸಬೇಕು ಎಂಬ ಷರತ್ತಿನ ಮೇಲೆ ನಾನೂ ಬರುತ್ತೇನೆ. ಸೀಟಿ ಸದ್ದು ಅವರೂ ಇರಲಿ.

ಒಗೆಯದ ಜರ್ಸಿ

ನಾನೂ ಬರಬಹುದೇ? ಜರ್ಸಿ ಈಗ ಶುಭ್ರವಾಗಿದೆ.